ಸೆಪ್ಟೆಂಬರಿನ ಎರೆಹೊಲ

ನಾನು ಮೊದಲ ಸಲ ನೋಡಿದಾಗ ನಕ್ಷೆಯ ಮೇಲಿನ ಅರ್ಧ ಪೂರ್ತಿ ಕೆಂಪಾಗಿತ್ತು. ಲಿಂಗಸುಗೂರಿನ ಕಡೆಯ ಎತ್ತರದ ನೆಲದಲ್ಲಿ ಹುಟ್ಟಿ, ಮಸ್ಕಿಯನ್ನು ಹಾದು, ಸಿಂಧನೂರಿನ ಕಾಲುವೆ ಸೀಮೆಗೆ ಇಳಿಯುವ ಹಳ್ಳದ ಜಲಾನಯನ ಪ್ರದೇಶ ಅದು. ಕೆಳಗಿನ ಅರ್ಧ, ಅಂದರೆ ಜವಳಗೇರಾದ ಕಡೆಯ ಭತ್ತದ ಗದ್ದೆಗಳೆಲ್ಲ, ಹಸಿರು. ಸೂಚಿಯಲ್ಲಿ ಕೆಂಪಿನ ಎದುರಿಗೆ ಹೀಗೆ ಬರೆದಿತ್ತು: ಬೆಳೆ ಭೂಮಿ ಪಾಳು ಭೂಮಿಯಾಗಿ ಬದಲಾದದ್ದು.

ನೋಡಿದ ಕೂಡಲೇ ಮೈ ಉರಿಯಿತು ಎಂದು ನನ್ನ ನೆನಪು ಹೇಳುತ್ತದೆ. ದಿನಚರಿ ಹಾಗೆ ಹೇಳುವುದಿಲ್ಲ. ಆ ದಿನ ನಾನು ಬರೆದದ್ದು ಕಚೇರಿಯ ಫ್ಯಾನು ತಿರುಗದ ಬಗ್ಗೆ, ಕೆಳಗಿನ ಗೊಬ್ಬರದಂಗಡಿಯಿಂದ ಬರುವ ಔಷಧದ ವಾಸನೆಯ ಬಗ್ಗೆ. ನಕ್ಷೆಯ ಬಗ್ಗೆ ಇರುವುದು ಒಂದೇ ಮಾತು: "ಕೆಂಪು ಜಾಸ್ತಿ ಆಯಿತಲ್ಲ." ಸಿಟ್ಟು ಬಂದದ್ದು ಮರುದಿನ. ನೆನಪು ನನ್ನನ್ನು ಇದ್ದುದಕ್ಕಿಂತ ಚುರುಕಾಗಿ ತೋರಿಸುತ್ತದೆ, ಅದಕ್ಕೇ ಅದರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಇಲ್ಲಿ ಬರೆಯುವುದನ್ನು ಸಾಧ್ಯವಾದಷ್ಟು ದಿನಚರಿಗೆ ಹೋಲಿಸಿಯೇ ಬರೆಯುತ್ತಿದ್ದೇನೆ.

ಕೆಲಸ ಇಷ್ಟು. ಹಳ್ಳದ ಮೇಲ್ಭಾಗದ ಕೆರೆಗಳಿಗೆ ಪೈಪಿನಲ್ಲಿ ನೀರು ತಂದು ತುಂಬಿಸುವ ಯೋಜನೆ ಬಂದಿತ್ತು. ಎಲ್ಲ ಕೆರೆಗಳಿಗೂ ನೀರು ಸಾಲದು. ಯಾವ ಕೆರೆಯ ಸುತ್ತಲಿನ ನೆಲ ಇನ್ನೂ ಸಾಗುವಳಿಯಲ್ಲಿದೆಯೋ ಅದಕ್ಕೆ ಮೊದಲು, ಜನ ಬಿತ್ತುವುದನ್ನೇ ಬಿಟ್ಟಿರುವ ಕಡೆ ಆಮೇಲೆ, ಅಥವಾ ಇಲ್ಲವೇ ಇಲ್ಲ. ಇದನ್ನು ಉಪಗ್ರಹದ ಚಿತ್ರಗಳಿಂದ ತೀರ್ಮಾನಿಸಿ ಕೊಡಲು ಒಂದು ಖಾಸಗಿ ಸಂಸ್ಥೆಗೆ ವಹಿಸಿದ್ದರು. ಆ ಸಂಸ್ಥೆ ಸಿಂಧನೂರಿನಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಗಳಲ್ಲಿ ನಾನು, ಮತ್ತು ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬೈಕಿನಲ್ಲಿ ಬರುತ್ತಿದ್ದ ನನ್ನ ಸಹೋದ್ಯೋಗಿ. ಅವನದು ಮನೆಯಲ್ಲಿ ಬಂಗಾಳಿ, ಹೊರಗೆ ನಮ್ಮ ರಾಯಚೂರಿನ ಮಾತು. ನಮ್ಮ ಮೇಲೆ ಬೆಂಗಳೂರಿನಲ್ಲಿ ಕೂತ ಸಂಯೋಜಕರು. ನನಗಿಂತ ಮುಂಚೆ ಇದ್ದವರು ವರ್ಗೀಕರಣ ಮುಗಿಸಿ, ಕೆಲಸ ಬಿಟ್ಟು ಹೋಗಿದ್ದರು. ನಾನು ಅಂಕಿಸಂಖ್ಯೆ ಸೇರಿಸಿ ವರದಿ ಕಟ್ಟಬೇಕಿತ್ತು, ಅಷ್ಟೇ.

ಮರುದಿನ ನಾನು ಚಿತ್ರಗಳ ತಾರೀಖು ತೆಗೆದು ನೋಡಿದೆ. ಹಳೆಯ ಚಿತ್ರ ಕೆಲವು ವರ್ಷಗಳ ಹಿಂದಿನ ಡಿಸೆಂಬರಿನದು. ಹೊಸದು, ಈ ವರ್ಷದ್ದು, ಸೆಪ್ಟೆಂಬರಿನದು. ಮಳೆಗಾಲದ ನಡುವೆ ಒಂದೇ ಒಂದು ದಿನ ಮೋಡವಿಲ್ಲದೆ ಸಿಕ್ಕ ಚಿತ್ರ, ಹಾಗಾಗಿ ಅದನ್ನೇ ಹಿಡಿದುಕೊಂಡಿದ್ದರು.

ಮಸ್ಕಿ, ಲಿಂಗಸುಗೂರು ಕಡೆಯ ಎರೆಹೊಲವನ್ನು ಸೆಪ್ಟೆಂಬರಿನಲ್ಲಿ ನೋಡಿದವರಿಗೆ ಇಲ್ಲಿಗೇ ವಿಷಯ ತಿಳಿದುಬಿಡುತ್ತದೆ. ನಮ್ಮ ಕಡೆ ಎರೆಯಲ್ಲಿ ಮುಂಗಾರಿಗೆ ಬಿತ್ತುವುದಿಲ್ಲ. ಮಳೆಗಾಲವಿಡೀ ಹೊಲವನ್ನು ಖಾಲಿ ಬಿಡುತ್ತಾರೆ. ಖಾಲಿ ಎಂದರೆ ಸುಮ್ಮನೆ ಅಲ್ಲ. ಮಳೆ ಬಿದ್ದು ನೆಲ ಸ್ವಲ್ಪ ಆರಿದ ಕೂಡಲೇ ಕುಂಟೆ ಹೊಡೆಯುತ್ತಾರೆ, ಮತ್ತೆ ಮಳೆ, ಮತ್ತೆ ಕುಂಟೆ. ಒಂದು ಕಸ ನಿಲ್ಲಬಾರದು. ಹೊಲ ಕಾಡಿಗೆ ಬಳಿದಂತೆ ಕರ್ರಗೆ ಇದ್ದರೆ ಒಕ್ಕಲುತನ ಚೆನ್ನಾಗಿದೆ ಎಂದು ಅರ್ಥ. ಹೀಗೆ ನೀರು ಕುಡಿಸಿ ಕುಡಿಸಿ ಇಟ್ಟ ನೆಲದಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಮೇಲಿನಿಂದ ಹನಿ ಬೀಳದಿದ್ದರೂ ಕೆಳಗಿನ ಹಸಿಯಿಂದಲೇ ಬೆಳೆ ಬರುತ್ತದೆ.

ಅಂಥ ಹೊಲವನ್ನು ಸೆಪ್ಟೆಂಬರಿನಲ್ಲಿ ಮೇಲಿನಿಂದ ನೋಡಿದರೆ ಏನು ಕಾಣುತ್ತದೆ? ಹಸಿರಿಲ್ಲದ ಬರೀ ಮಣ್ಣು. ಯಂತ್ರ ಅದನ್ನು ಪಾಳು ಎಂದಿತು.

ಇಷ್ಟೇ ಆಗಿದ್ದರೆ ಅಜ್ಞಾನ ಎಂದು ಬಿಡಬಹುದಿತ್ತು. ನಾನು ಒಂದೊಂದು ತುಣುಕನ್ನೂ ದೊಡ್ಡದು ಮಾಡಿ ನೋಡುತ್ತ ಹೋದಂತೆ ಇನ್ನೊಂದು ಕಂಡಿತು. ಮೇಲ್ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ತೇಪೆಗಳಿದ್ದವು, ಅವಕ್ಕೆ 'ಬೆಳೆ' ಎಂದು ಹೆಸರಿತ್ತು. ಸೆಪ್ಟೆಂಬರಿನಲ್ಲಿ ಎರೆಯಲ್ಲಿ ಅಷ್ಟು ದಟ್ಟವಾಗಿ ಹಸಿರಾಗುವುದು ಒಂದೇ: ಬಳ್ಳಾರಿ ಜಾಲಿ. ಬಿತ್ತುವವರಿಲ್ಲದೆ ಮುಳ್ಳು ಎದ್ದ ಹೊಲ. ಅಂದರೆ ಚೊಕ್ಕಟವಾಗಿ ದುಡಿದವರ ನೆಲ ಪಾಳು, ಪಾಳು ಬಿಟ್ಟವರ ನೆಲ ಬೆಳೆ. ನಕ್ಷೆ ತಪ್ಪಾಗಿರಲಿಲ್ಲ, ತಲೆಕೆಳಗಾಗಿತ್ತು.

ಸಹೋದ್ಯೋಗಿ ನನ್ನ ಹಿಂದೆ ನಿಂತು ನೋಡಿದ. "ಅಕ್ಕಾ, ಇದು ನಕಾಶೆ ಅಲ್ಲ, ಮೈಗಳ್ಳರಿಗೆ ಬಹುಮಾನ ಕೊಡೋ ಪಟ್ಟಿ ಐತಿ" ಎಂದ. ನಗು ಬರಲಿಲ್ಲ.

ಸಂಯೋಜಕರಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಅವರು ಕೂಗಾಡುವವರಲ್ಲ, ಅದೇ ದೊಡ್ಡ ತೊಂದರೆ.

"ಮೇಡಂ, ನೀವು ಅದೇ ಕಡೆಯವರಲ್ವಾ?"

"ಹೌದು ಸರ್, ಲಿಂಗಸುಗೂರು."

"ಅದಕ್ಕೇ ನಿಮಗೆ ಹಾಗನ್ನಿಸ್ತಿದೆ. ತಪ್ಪು ತಿಳ್ಕೋಬೇಡಿ. ಸ್ಥಳದಲ್ಲಿ ಪರೀಕ್ಷೆ ಮಾಡಿದ ಬಿಂದುಗಳಿವೆ, ನಿಖರತೆ ಚೆನ್ನಾಗಿ ಬಂದಿದೆ. ಅದನ್ನ ಬಿಟ್ಟು ನಿಮ್ಮ ಬಾಲ್ಯದ ನೆನಪಿನ ಮೇಲೆ ನಾನು ವರದಿ ಬದಲಾಯಿಸೋಕಾಗುತ್ತಾ?"

ಬಾಲ್ಯದ ನೆನಪು ಎಂಬ ಮಾತು ಚುಚ್ಚಿತು, ಯಾಕೆಂದರೆ ಅದರಲ್ಲಿ ಸ್ವಲ್ಪ ನಿಜವಿತ್ತು. ಮಾತಾಡುವಾಗ ನನ್ನ ಕಣ್ಣ ಮುಂದಿದ್ದದ್ದು ನಮ್ಮಜ್ಜನ ಹೊಲವೇ. ಅದರಲ್ಲಿ ಪ್ರತಿ ವರ್ಷವೂ ಜೋಳ ಎದೆಮಟ್ಟ ನಿಂತಿರುತ್ತದೆ. ಪ್ರತಿ ವರ್ಷವೂ ನಿಂತಿರಲು ಸಾಧ್ಯವಿಲ್ಲ, ಮಳೆ ಕೈಕೊಟ್ಟ ವರ್ಷಗಳೂ ಇದ್ದಿರಬೇಕು. ನನ್ನ ತಲೆ ಅವನ್ನು ಇಟ್ಟುಕೊಂಡಿಲ್ಲ.

ಹಾಗಾಗಿ ನೆನಪನ್ನು ಬದಿಗಿಟ್ಟು ಬಿಂದುಗಳನ್ನು ತೆರೆದೆ. ನಕ್ಷೆ ಹೇಳುವುದು ನಿಜವೇ ಎಂದು ನೆಲದ ಮೇಲೆ ಹೋಗಿ ನೋಡಿ, ಆ ಜಾಗದ ಅಕ್ಷಾಂಶ ರೇಖಾಂಶ ಗುರುತು ಹಾಕಿಕೊಂಡು ಬರುವ ಬಿಂದುಗಳು ಅವು. ನಕ್ಷೆಯ ಮೇಲೆ ಹರಡಿದಾಗ ಸಿಟ್ಟಿನ ಜೊತೆ ನಾಚಿಕೆಯೂ ಆಯಿತು. ನಿಜವಾಗಿ ಹೋಗಿ ಹಾಕಿದವು ಒಂದೂ ಬಿಡದೆ ಎಲ್ಲವೂ ಡಾಂಬರು ರಸ್ತೆಯ ಪಕ್ಕ. ಲಿಂಗಸುಗೂರಿನ ರಸ್ತೆ, ಮಸ್ಕಿ ರಸ್ತೆ, ಕಾಲುವೆಯ ಮೇಲಿನ ರಸ್ತೆ. ಬೈಕು ನಿಲ್ಲಿಸದೆ ಜಿಪಿಎಸ್ ಗುಂಡಿ ಒತ್ತಿಕೊಂಡು ಹೋಗಿದ್ದರು. ಮೇಲ್ಭಾಗದ ಒಳಹೊಲಗಳಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಅಲ್ಲಿ ಕೆಲವು ಬಿಂದುಗಳನ್ನು ಅದೇ ಸೆಪ್ಟೆಂಬರಿನ ಚಿತ್ರ ನೋಡಿ ಕುರ್ಚಿಯಲ್ಲೇ ಕೂತು ಹಾಕಿದ್ದರು. ಚಿತ್ರವೇ ಚಿತ್ರಕ್ಕೆ ಸಾಕ್ಷಿ ಹೇಳಿತ್ತು, ಅದಕ್ಕೇ ನಿಖರತೆ ಚೆನ್ನಾಗಿ ಬಂದಿತ್ತು.

ಹೋದ ವರ್ಷದ ಡಿಸೆಂಬರಿನ ಚಿತ್ರ ತೆಗೆದೆ. ಮೇಲ್ಭಾಗ ಹಸಿರೋ ಹಸಿರು. ಅದನ್ನು ಕಳುಹಿಸಿದೆ. ಉತ್ತರ ಬಂತು: ನಿಯಮದ ಪ್ರಕಾರ ಪ್ರಸಕ್ತ ವರ್ಷದ ಚಿತ್ರವೇ ಆಗಬೇಕು. ಹೋದ ವರ್ಷ ಬಿತ್ತಿದವರು ಈ ವರ್ಷ ಬಿತ್ತಿದ್ದಾರೆ ಎನ್ನಲು ಪುರಾವೆ ಏನು?

ನಿಯಮವನ್ನು ನಾನೂ ಓದಿದೆ. ಅದರಲ್ಲಿ ವರ್ಷ ಇತ್ತು. ತಿಂಗಳು ಇರಲಿಲ್ಲ.

ಸರಿ, ನೆಲದ ಮೇಲೇ ಹೋಗಿ ಬರೋಣ ಎಂದು ನಾವಿಬ್ಬರೂ ಹೊರಟೆವು. ಅಕ್ಟೋಬರ್ ಆರಂಭ. ಮಸ್ಕಿ ದಾಟಿ ಒಳಗೆ ಹೋದರೆ ಹಳ್ಳದ ಮೇಲ್ದಂಡೆಯಲ್ಲಿ ಒಂದು ಊರು, ಊರಿನ ತಲೆಯ ಮೇಲೆ ಒಂದು ಹೂಳು ತುಂಬಿದ ಕೆರೆ. ನಕ್ಷೆಯಲ್ಲಿ ಅತಿ ಹೆಚ್ಚು ಕೆಂಪಾಗಿದ್ದದ್ದು ಆ ಕೆರೆಯ ಸುತ್ತಲೇ. ಊರಿನ ಪಂಚಾಯಿತಿ ಸದಸ್ಯೆಗೆ ಮೊದಲೇ ಫೋನು ಮಾಡಿದ್ದೆವು. ನಡುವಯಸ್ಸಿನ ಹೆಂಗಸು. ಹೊಲದ ಬದುವಿನ ಮೇಲೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು, ಆಕೆಯ ಗಂಡ ಆಚೆ ತುದಿಯಲ್ಲಿ ಕುಂಟೆ ಹೊಡೆಯುತ್ತಿದ್ದ.

"ಬರ್ರಿ ಮೇಡಂ. ಕೆರಿ ನೋಡಾಕ ಬಂದೀರೇನ್ರೀ? ಕೆರಿ ಅಲ್ಲೈತಿ, ನೀರ ಒಂದು ಇಲ್ಲ, ಉಳಿದದ್ದೆಲ್ಲಾ ಐತಿ."

"ಹೊಲಾ ನೋಡಾಕ ಬಂದೀವ್ರಿ ಅಕ್ಕಾರ."

"ಹೊಲದಾಗ ಏನೈತ್ರೀ ಈಗ ನೋಡಾಕ? ಮಣ್ಣು."

ಅದೇ ನನ್ನ ಕಷ್ಟವಾಗಿತ್ತು. ಆ ವರ್ಷ ಮಳೆ ತಡವಾಗಿ ಹಿಡಿದು ಬಿಟ್ಟಿರಲಿಲ್ಲ, ಬಿತ್ತನೆ ಹಿಂದೆ ಬಿದ್ದಿತ್ತು. ನಾನು ಪುರಾವೆ ಹುಡುಕಿಕೊಂಡು ಬಂದರೆ ಕಣ್ಣಿಗೆ ಬಿದ್ದದ್ದು ಮತ್ತೆ ಅದೇ ಬರೀ ಮಣ್ಣು. ಆ ದಿನ ನಿಯಮದ ಪ್ರಕಾರ ಬಿಂದು ಗುರುತಿಸಿದರೆ ಅದೂ 'ಬೆಳೆಯಿಲ್ಲ' ಎಂದೇ ಆಗಬೇಕು.

ಟ್ಯಾಬ್ಲೆಟ್ಟಿನಲ್ಲಿ ನಕ್ಷೆ ತೆರೆದೇ ಇತ್ತು. ಆಕೆ ಬಗ್ಗಿ ನೋಡಿದಳು. ತನ್ನ ಹೊಲ ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ, ಕೆರೆಯ ಏರಿಯಿಂದ ಬೆರಳು ಎಳೆದುಕೊಂಡು ಬಂದಳು.

"ಇದ್ಯಾಕ್ರೀ ಕೆಂಪೈತಿ?"

ಸುಳ್ಳು ಹೇಳಬಹುದಿತ್ತು. ನಿಜವನ್ನೇ ಹೇಳಿದೆ: "ಪಾಳು ಅಂತ ಬಂದೈತ್ರಿ. ತಪ್ಪೈತಿ, ಅದನ್ನ ಸರಿ ಮಾಡಾಕ ಬಂದೀವಿ."

ಆಕೆ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕುಂಟೆಯ ಹಿಂದೆ ಬರುತ್ತಿದ್ದ ಗಂಡನ ಕಡೆ ತಿರುಗಿ ಕೂಗಿದಳು: "ಏ ಕೇಳಿದೇನು? ನಾಕು ಸಲ ಹರಗಿದಿ, ಇದು ಪಾಳು ಭೂಮಿ ಅಂತ! ಬಿಟ್ಟು ಬಾ ಮನಿಗಿ!" ಆಮೇಲೆ ನನ್ನತ್ತ: "ಈ ಕಡಿ ಹಸರು ಐತಲ್ರೀ, ಇದು ಯಾರದ್ದು? ಸಾಹುಕಾರಂದಲ್ಲ? ಅವ ಲಿಂಗಸೂರಾಗ ಮನಿ ಮಾಡಿ ಎಷ್ಟೋ ವರ್ಷಾತು. ಹೊಲದಾಗ ಹಂದಿ ಸೈತ ಹೋಗಂಗಿಲ್ಲ, ಅಷ್ಟು ಜಾಲಿ. ಅದು ಬೆಳಿ?"

"ಅದೂ ತಪ್ಪು ಐತ್ರಿ."

"ಎಷ್ಟು ತಪ್ಪು ಅದಾವ್ರೀ ನಿಮ್ಮ ಹತ್ರ, ಒಂದ ಸಲಕ್ಕ ಹೇಳಿಬಿಡ್ರಿ."

ಸಹೋದ್ಯೋಗಿ ಬೇರೆ ಕಡೆ ತಿರುಗಿ ನಿಂತ. ನಾನು ಆಕೆಗೆ ಯೋಜನೆ ವಿವರಿಸಿದೆ. ಕೆಂಪು ಹೀಗೇ ಉಳಿದರೆ ಕೆರೆ ಪಟ್ಟಿಯಿಂದ ಬೀಳಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಆಗ ಆಕೆಯ ದನಿ ತಗ್ಗಿತು. ಬೇಸಗೆಯಲ್ಲಿ ಊರಿನ ಬೋರುಗಳು ಒಂದೊಂದಾಗಿ ನಿಲ್ಲುತ್ತವೆ, ಕೆರೆಯಲ್ಲಿ ನೀರಿದ್ದ ವರ್ಷ ಮಾತ್ರ ನಿಲ್ಲುವುದಿಲ್ಲ. ಟ್ಯಾಂಕರು ಬರುವ ದಿನ ಊರಿನ ಹೆಣ್ಣುಮಕ್ಕಳು ಕೂಲಿ ಬಿಟ್ಟು ಕೊಡ ಹಿಡಿದು ನಿಲ್ಲಬೇಕು, ಜಗಳ ಬಿಡಿಸಲು ಆಕೆಯೂ ನಿಲ್ಲಬೇಕು. ಸದಸ್ಯೆಯಾಗಿ ನಿಂತಾಗ ಆಕೆ ಊರಿಗೆ ಕೊಟ್ಟ ಮಾತು ಒಂದೇ, ಆ ಕೆರೆ.

"ಮೇಡಂ, ಒಂದು ಮಾತು ಕೇಳ್ರಿ. ನಂದೂ ಬೆಳಿ ಅಂತ ಹಾಕ್ರಿ, ಸಾಹುಕಾರನ ಜಾಲಿನೂ ಬೆಳಿ ಅಂತ ಇರಲಿ. ನಮ್ಮ ಊರಂದ್ರ ಎಲ್ಲಾ ಬೆಳಿನ. ಯಾರು ನೋಡಾಕ ಬರ್ತಾರ?"

"ನಾ ಬಂದೀನಲ್ರಿ ಅಕ್ಕಾರ."

"ಅದ ತ್ರಾಸ ಆತು ನೋಡು" ಎಂದಳು. ಅಲ್ಲಿಂದ ಮುಂದೆ ಆಕೆಯ ಬಾಯಲ್ಲಿ ನಾನು ಮೇಡಂ ಆಗಿ ಉಳಿಯಲಿಲ್ಲ.

ಇನ್ನು ಉಳಿದದ್ದು ಕಾಯುವುದು. ಈ ನೆಲದ ಮೇಲೆ ಐದು ದಿನಕ್ಕೊಮ್ಮೆ ಉಪಗ್ರಹ ಹಾಯುತ್ತದೆ. ಬಿತ್ತನೆಯಾಗಿ ಮೂರ್ನಾಲ್ಕು ವಾರ ಕಳೆದರೆ ಎಳೆಯ ಜೋಳ ಚಿತ್ರದಲ್ಲಿ ಹಿಡಿಯುವಷ್ಟು ಹಸಿರಾಗುತ್ತದೆ. ಒಂದು ಸ್ವಚ್ಛ ಆಕಾಶ ಸಿಕ್ಕರೆ ಸಾಕಿತ್ತು. ನವೆಂಬರ್ ಪೂರ್ತಿ ಆಂಧ್ರದ ಕರಾವಳಿಯ ಕಡೆಯಿಂದ ಮೋಡ ಬರುತ್ತಲೇ ಇತ್ತು. ಮಳೆ ಬಂದರೆ ಬರಲಿ ಎನ್ನಬಹುದಿತ್ತು, ಅದೂ ಇಲ್ಲ, ಬರೀ ಮೋಡ. ಚಿತ್ರ ಇಳಿಸಿಕೊಂಡರೆ ಹತ್ತಿ ಹಾಸಿದಂತೆ ಬಿಳುಪು, ನಡುವೆ ಹರಿದ ಕಡೆ ಒಂದೆರಡು ಹೊಲ. ಆ ಹೊಲಗಳ ಮೇಲೂ ಮೋಡದ ನೆರಳು. ಮೋಡ ತೂರಿ ನೋಡುವ ರೇಡಾರ್ ಚಿತ್ರಗಳನ್ನೂ ತರಿಸಿದೆ. ಅದರಲ್ಲಿ ಹೊಸದಾಗಿ ಕುಂಟೆ ಹೊಡೆದ ನೆಲ, ಗೇಣುದ್ದ ಜೋಳ ಎದ್ದ ನೆಲ ಎರಡೂ ಒಂದೇ ಥರ ಒರಟಾಗಿ ಕಂಡವು. ಬೇರ್ಪಡಿಸಲು ಆಗಲಿಲ್ಲ.

ಈ ನಡುವೆ ಸಹೋದ್ಯೋಗಿ ಇನ್ನೊಮ್ಮೆ ಊರಿಗೆ ಹೋಗಿ ಮೊಳಕೆ ಎದ್ದ ಹೊಲಗಳ ಫೋಟೊ ತಂದ. ಸಂಯೋಜಕರಿಗೆ ಕಳುಹಿಸಿದೆ. "ನಾಲ್ಕು ಹೊಲದ ಫೋಟೊ ಇಡೀ ಜಲಾನಯನಕ್ಕೆ ಹೇಗೆ ಸಾಕ್ಷಿ ಆಗುತ್ತೆ ಮೇಡಂ?" ರಸ್ತೆ ಬದಿಯ ಬಿಂದುಗಳು ಹೇಗೆ ಸಾಕ್ಷಿಯಾದವು ಎಂದು ಕೇಳಿದೆ. "ಅವು ವರದಿಯಲ್ಲಿ ಆಗಲೇ ಇವೆ" ಎಂದರು.

ಕೆರೆಗಳ ಪಟ್ಟಿ ತೀರ್ಮಾನಿಸುವ ಲಿಂಗಸುಗೂರಿನ ಸಭೆಗೆ ಮೂರು ದಿನ ಉಳಿದಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದ ಸಹೋದ್ಯೋಗಿ ಬಾಗಿಲಿಗೆ ಒರಗಿ ನಿಂತು ಹೇಳಿದ: "ಅಕ್ಕಾ, ಕೈಯಿಂದ ಬಣ್ಣ ಹಚ್ಚಿಬಿಡೂಣು. ಎಲ್ಲಾರೂ ಹಚ್ತಾರ. ಎರಿ ಸುತ್ತ ಒಂದು ಗೆರಿ ಎಳಿ, 'ಬೆಳಿ' ಅನ್ನು, ಮುಗೀತು. ನಾವು ಸುಳ್ಳೇನು ಹೇಳಾಕತ್ತಿಲ್ಲಲ್ಲ."

ನಿಜ, ಅದು ಸುಳ್ಳಾಗುತ್ತಿರಲಿಲ್ಲ. ಬಹುಮಟ್ಟಿಗೆ. ನಾನು ಗೆರೆ ಎಳೆದೆ. ಕೆರೆಯ ಏರಿಯಿಂದ ಹಿಡಿದು ಹಳ್ಳದವರೆಗೆ, ಒಂದೊಂದು ಮೂಲೆಗೂ ಒಂದೊಂದು ಕ್ಲಿಕ್. ಬಣ್ಣ ತುಂಬಿತು. ಕೆಂಪು ಹೋಗಿ ಹಸಿರು ಬಂತು, ನೋಡಲು ಎಷ್ಟು ಸಮಾಧಾನ! ಆದರೆ ಆ ಗೆರೆಯ ಒಳಗೆ ನಿಜವಾಗಿ ಬಿಟ್ಟ ಹೊಲಗಳೂ ಇದ್ದವು, ಎಲ್ಲೆಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣಾರೆ ಕಂಡದ್ದು ಕೆಲವು ಹೊಲ. ಉಳಿದದ್ದನ್ನು ತುಂಬಿದ್ದು ಯಾರು? ನಮ್ಮಜ್ಜನ ಎದೆಮಟ್ಟದ ಜೋಳ. ರಸ್ತೆಯ ಮೇಲೆ ಬೈಕು ನಿಲ್ಲಿಸದೆ ಗುಂಡಿ ಒತ್ತಿದವನಿಗೂ ನನಗೂ ಆಗ ವ್ಯತ್ಯಾಸವೇನು ಉಳಿಯಿತು? ಅವನ ಊಹೆಯಿಂದ ಒಂದು ಊರು ಮುಳುಗುತ್ತಿತ್ತು, ನನ್ನ ಊಹೆಯಿಂದ ಉಳಿಯುತ್ತಿತ್ತು. ಆ ವ್ಯತ್ಯಾಸ ಸಣ್ಣದಲ್ಲ ಎಂದು ಈಗ ಅನ್ನಿಸುತ್ತದೆ. ಅವತ್ತು ಹಾಗನ್ನಿಸಲಿಲ್ಲ. ಗೆರೆ ಅಳಿಸಿದೆ.

ಕೆಂಪನ್ನು ಮತ್ತೆ ಹಾಕಲಾರೆ, ಹಸಿರನ್ನು ಹಾಕಲಾರೆ. ಸೂಚಿಯಲ್ಲಿ ನಮಗೆ ಕೊಟ್ಟಿದ್ದ ವರ್ಗಗಳು ಬೆಳೆ, ಪಾಳು, ಕಾಡು, ನೀರು, ಊರು. ಗೊತ್ತಿಲ್ಲ ಎಂಬುದಕ್ಕೆ ಜಾಗವಿರಲಿಲ್ಲ. ನಾನು ಆರನೆಯದೊಂದನ್ನು ಸೇರಿಸಿದೆ: "ಹಿಂಗಾರಿ ನೆಲ. ಈ ವರ್ಷದ ಬೆಳೆ ಇನ್ನೂ ತಿಳಿದಿಲ್ಲ." ಅದಕ್ಕೆ ಬಣ್ಣ ಕೊಡದೆ ಬಿಳಿ ಬಿಟ್ಟೆ. ಸಾಹುಕಾರನ ಜಾಲಿಯನ್ನು ಬೆಳೆಯಿಂದ ತೆಗೆದು ಪಾಳಿಗೆ ಸೇರಿಸಿದೆ. ಚಿತ್ರಗಳ ತಾರೀಖನ್ನು ನಕ್ಷೆಯ ತಲೆಯ ಮೇಲೆ ದೊಡ್ಡದಾಗಿ ಬರೆದೆ. ಸಂಯೋಜಕರಿಗೆ ಕಳುಹಿಸಿ, ಈ ಬಿಳಿಯನ್ನು ಯಾವ ಲೆಕ್ಕಕ್ಕೂ ಸೇರಿಸಬಾರದು, ಸ್ವಚ್ಛ ಚಿತ್ರ ಬರುವವರೆಗೆ ಈ ಕೆರೆಗಳ ತೀರ್ಮಾನ ಮುಂದೂಡಬೇಕು ಎಂದು ಬರೆದೆ. "ಆಯ್ತು ನೋಡೋಣ" ಎಂದು ಉತ್ತರ ಬಂತು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಲು ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಹಾಳೆ ಹೊರಬರುತ್ತಿದ್ದಂತೆ ಯಂತ್ರ ನಿಲ್ಲಿಸಿದರು.

"ಬೇಟೀ, ಇಲ್ಲಿ ಶಾಯಿ ಬಿದ್ದಿಲ್ಲ ನೋಡ್ರಿ. ತಡೀರಿ, ಇನ್ನೊಂದ್ ಸಲ ಹೊಡಿತೀನಿ. ಇದರದ್ದು ಪೈಸಾ ಬ್ಯಾಡ."

"ಬರೋಬ್ಬರಿ ಐತಿ ಚಾಚಾ. ಅದು ಹಂಗ ಇರಬೇಕು."

"ಅರೇ, ಖಾಲಿ?"

"ಖಾಲಿ."

"ದೊಡ್ಡ ಸಾಹೇಬ್ರಿಗೆ ಖಾಲಿ ಕಾಗದ ತೋರಸ್ತೀರಿ?" ಹಾಳೆ ಸುತ್ತಿ ಕೊಡುತ್ತ ತಲೆ ಅಲ್ಲಾಡಿಸಿದರು. "ಹುಷಾರ್. ಖಾಲಿ ಕಂಡ್ರ ಅವರು ತಮಗ ಬೇಕಾದ್ದು ಬರೀತಾರ."

ಸಭೆಯಲ್ಲಿ ಅದೇ ಆಯಿತು. ಉದ್ದನೆಯ ಮೇಜು, ಯೋಜನೆಯ ಎಂಜಿನಿಯರು, ಬೆಂಗಳೂರಿನಿಂದ ಬಂದ ಸಂಯೋಜಕರು, ನಾನು, ನನ್ನ ಸಹೋದ್ಯೋಗಿ. ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಊರುಗಳಿಂದ ಬಂದವರು, ಅವರ ನಡುವೆ ಆ ಸದಸ್ಯೆ. ಎಂಜಿನಿಯರು ನಕ್ಷೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ. ಅವರ ಮುಂದೆ ಒಂದು ಕೋಷ್ಟಕವಿತ್ತು, ಪ್ರತಿ ಕೆರೆಯ ಎದುರಿಗೆ ಒಂದು ಅಂಕ. ಕೆರೆಯ ಸುತ್ತಲಿನ ಒಟ್ಟು ನೆಲದಲ್ಲಿ ಬೆಳೆ ಎಷ್ಟು ಪಾಲು ಎಂಬುದೇ ಆ ಅಂಕ. ಕೋಷ್ಟಕ ಮಾಡಿದವರು ಸಂಯೋಜಕರು.

ಸದಸ್ಯೆಯ ಊರಿನ ಕೆರೆ ಪಟ್ಟಿಯ ಕೊನೆಯಲ್ಲಿತ್ತು. ನಾನು ಬಗ್ಗಿ ಲೆಕ್ಕ ನೋಡಿದೆ. ಬಿಳಿಯನ್ನು ಒಟ್ಟು ನೆಲದಲ್ಲಿ ಸೇರಿಸಿದ್ದರು, ಬೆಳೆಯಲ್ಲಿ ಸೇರಿಸಿರಲಿಲ್ಲ. ಗೊತ್ತಿಲ್ಲ ಎಂದು ನಾನು ಬಿಟ್ಟದ್ದೆಲ್ಲ ಇಲ್ಲ ಎಂದು ಎಣಿಕೆಯಾಗಿತ್ತು. ಜಾಲಿಯ ಸಾಹುಕಾರನ ನೆಲವನ್ನು ನಾನು ಬೆಳೆಯಿಂದ ತೆಗೆದುಹಾಕಿದ್ದೆನಲ್ಲ, ಅದರಿಂದ ಊರಿನ ಅಂಕ ಮೊದಲಿದ್ದುದಕ್ಕಿಂತಲೂ ಕೆಳಗೆ ಹೋಗಿತ್ತು.

ನಾನು ಎದ್ದು ನಿಂತೆ. ಏನು ಹೇಳಿದೆ ಎಂಬುದು ನನ್ನ ನೆನಪಿನಲ್ಲಿ ತುಂಬ ಗಂಭೀರವಾಗಿ, ಕ್ರಮವಾಗಿ ಇದೆ. ಸಹೋದ್ಯೋಗಿಯನ್ನು ಕೇಳಿದರೆ ನಾನು ಕಿರುಚಿದೆ ಎನ್ನುತ್ತಾನೆ. ಅವನದೇ ನಿಜವಿರಬೇಕು. ಸೆಪ್ಟೆಂಬರಿನಲ್ಲಿ ಎರೆ ನೋಡಿ ಪಾಳು ಎನ್ನುವುದು ಮಲಗಿದವರನ್ನು ನೋಡಿ ಹೆಣ ಎಂದಂತೆ ಎಂದೆ. ಈ ಅಂಕ ಲೆಕ್ಕವಲ್ಲ, ಸುಳ್ಳು ಎಂದೆ. ಹದಿನೈದು ದಿನ ಕೊಡಿ ಎಂದೆ.

ಎಂಜಿನಿಯರು ಕೇಳಿದರು: "ಮೇಡಂ, ಒಂದೇ ಮಾತು ಹೇಳ್ರಿ. ಅಲ್ಲಿ ಬೆಳಿ ಐತೋ, ಇಲ್ಲೋ?"

"ಐತಿ ಸರ್."

"ಮತ್ತ ನಕಾಶೆದಾಗ ಯಾಕ ಹಾಕಿಲ್ಲ?"

"ಎಲ್ಲೆಲ್ಲಿ, ಎಷ್ಟು ಅಂತ ಚಿತ್ರದಾಗ ಇನ್ನೂ ಕಂಡಿಲ್ಲ ಸರ್."

"ಅಂದ್ರ ಇಲ್ಲ."

ಸಂಯೋಜಕರು ತಗ್ಗಿದ ದನಿಯಲ್ಲಿ, ಮೊದಲ ಹಂತದ ಪಟ್ಟಿ ಇವತ್ತೇ ಹೋಗಬೇಕು, ಉಳಿದ ಕೆರೆಗಳನ್ನು ಎರಡನೇ ಹಂತದಲ್ಲಿ ಪರಿಶೀಲಿಸಬಹುದು ಎಂದರು. ಗೋಡೆಯ ಪಕ್ಕದಿಂದ ಸದಸ್ಯೆಯ ದನಿ ಬಂತು. ಆಕೆ ಎದ್ದು ನಿಂತಿದ್ದಳು. "ಸಾಹೇಬ್ರ, ಆ ಫೋಟೊ ಯಾವ ತಿಂಗಳದ್ದು, ಅಷ್ಟ ಹೇಳ್ರಿ." ತಾರೀಖು ನಕ್ಷೆಯ ತಲೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಇತ್ತು. ಎಂಜಿನಿಯರು ನಕ್ಷೆಯನ್ನು ಸುತ್ತಿ ಬದಿಗಿಟ್ಟರು, ಮುಂದಿನ ಊರಿನ ಹೆಸರು ಕರೆದರು.

ಹೊರಗೆ ಮೆಟ್ಟಿಲ ಮೇಲೆ ಆಕೆ ನನ್ನನ್ನು ತಡೆದಳು. ಬಯ್ಯುತ್ತಾಳೆ ಎಂದುಕೊಂಡೆ. "ಕೆಂಪಿತ್ತು, ಅಳಿಸಿ ಬಿಳಿ ಮಾಡಿದಿ. ನಮ್ಮೂರನ್ನ ಅಳಿಸಿಬಿಟ್ಟಿ ಯವ್ವಾ" ಎಂದಷ್ಟೇ ಹೇಳಿ ಮಸ್ಕಿಯ ಬಸ್ಸಿಗೆ ಓಡಿದಳು.

ಆಕಾಶ ತಿಳಿಯಾದದ್ದು ಡಿಸೆಂಬರಿನಲ್ಲಿ. ಒಂದು ಮೋಡದ ಚೂರೂ ಇಲ್ಲ. ಚಿತ್ರ ಇಳಿಸಿಕೊಂಡು ತೆರೆದಾಗ ಮೇಲ್ಭಾಗದ ಎರೆ ಸಾಲು ಸಾಲಾಗಿ ಹಸಿರಾಗಿತ್ತು, ಕುಂಟೆಯ ಗೆರೆಗಳನ್ನು ಎಣಿಸಬಹುದೇನೋ ಎನ್ನುವಷ್ಟು ಸ್ಪಷ್ಟ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಅದು ಸಿಟ್ಟಿನ ಉತ್ಪ್ರೇಕ್ಷೆ. ಆ ಚಿತ್ರದ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಹತ್ತು ಮೀಟರು, ಗೆರೆಗಳೆಲ್ಲ ಕಾಣುವುದಿಲ್ಲ. ಆದರೆ ಹೊಲ ಹೊಲವಾಗಿ ಕಾಣುತ್ತಿತ್ತು. ಬಿಟ್ಟ ಹೊಲಗಳೂ ಬೇರೆಯಾಗಿ ಕಂಡವು, ನನ್ನ ಕೈಯಲ್ಲಿ ಗೆರೆ ಎಳೆದಿದ್ದರೆ ಅವೂ ಬೆಳೆಯೊಳಗೆ ಸೇರಿಹೋಗುತ್ತಿದ್ದವು. ತುಂಬ ಇರಲಿಲ್ಲ. ಅವನ್ನು ಕಳೆದರೂ ಆ ಊರಿನ ಕೆರೆ ಪಟ್ಟಿಯ ಮೇಲಿನ ಸಾಲಿಗೆ ಬರುತ್ತಿತ್ತು.

ಹೊಸ ನಕ್ಷೆ ಮಾಡಿ, ಈ ಸಲ ಒಳಹೊಲಗಳಲ್ಲಿ ಇಬ್ಬರೂ ನಡೆದು ಬಿಂದು ಹಾಕಿ, ಒಂದು ಪ್ರತಿ ಸಂಯೋಜಕರಿಗೆ, ಒಂದು ನೇರವಾಗಿ ಎಂಜಿನಿಯರ ಕಚೇರಿಗೆ ಕೊಟ್ಟೆ. ಎರಡನೆಯದು ನಾನು ಮಾಡುವಂತಿಲ್ಲದ ಕೆಲಸ. ಅದಕ್ಕಾಗಿ ಬೆಂಗಳೂರಿನಿಂದ ಫೋನು ಬಂತು, ನನ್ನ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದು ಅದೇ ತಣ್ಣನೆಯ ದನಿಯಲ್ಲಿ ತಿಳಿಸಿದರು. ಎಂಜಿನಿಯರ ಕಚೇರಿಯಲ್ಲಿ ನಕ್ಷೆ ತೆಗೆದುಕೊಂಡ ಗುಮಾಸ್ತ, "ಮೊದಲ್ನೇ ಹಂತ ಮಂಜೂರಾಗ್ಯಾದ್ರಿ, ಪೈಪು ಬರಾಕತ್ತಾವ. ನಿಮ್ದು ಎರಡನೇದ್ರಾಗ ಇಡ್ತೀನಿ" ಎಂದ. ಎರಡನೇ ಹಂತ ಯಾವಾಗ ಎಂದು ಕೇಳಿದೆ. ಅವನು ನಕ್ಕ. ಅವನಿಗೂ ಗೊತ್ತಿರಲಿಲ್ಲ.

ನಾನು ಆ ಬಿಳಿಯನ್ನು ಬಿಟ್ಟದ್ದು ಪ್ರಾಮಾಣಿಕತೆಯೋ, ನನ್ನ ಕೆಲಸ ಚೊಕ್ಕಟವಾಗಿರಬೇಕೆಂಬ ಸೊಕ್ಕೋ ಎಂದು ಆಗಿನಿಂದ ಕೇಳಿಕೊಳ್ಳುತ್ತಿದ್ದೇನೆ. ಸಂಯೋಜಕರ ಮೇಲಿನ ಸಿಟ್ಟು ಸುಲಭದ್ದು. ಚೊಕ್ಕಟ ಕೆಲಸ ಮಾಡಿದ ಆಕೆಗೂ ಪಾಳು ಎಂಬ ಹೆಸರು ಬಂತು, ನನ್ನ ಚೊಕ್ಕಟ ಕೆಲಸಕ್ಕೂ ಸೊನ್ನೆ ಬಂತು ಎಂದು ಒಮ್ಮೆ ದಿನಚರಿಯಲ್ಲಿ ಬರೆದು, ಮರುದಿನ ಹೊಡೆದುಹಾಕಿದೆ. ಅದು ಸರಿಯಾದ ಹೋಲಿಕೆಯಲ್ಲ. ನನಗೆ ಬೇರೆ ಕೆಲಸ ಸಿಗುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಆ ಊರಿಗೆ ಹೋದೆ. ಗುತ್ತಿಗೆ ಮುಗಿದು ಹೊರಡುವ ಮುಂಚೆ ಆಕೆಗೆ ಹೇಳದೆ ಹೋಗಬಾರದು ಎನ್ನಿಸಿತು. ಹೊಲದಲ್ಲಿ ಜೋಳ ತೆನೆ ಹಾಲು ತುಂಬಿ ನಿಂತಿತ್ತು. ಬದುವಿನ ಬಳಿ ಸದಸ್ಯೆ ಬೆರಣಿಯ ಕೆಂಡದಲ್ಲಿ ಎಳೆ ತೆನೆಗಳನ್ನು ಸುಟ್ಟು, ಸೀತನಿಗೆಂದು ಹಸಿಕಾಳು ಬಡಿಯುತ್ತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ. ನಾನು ಹೊಸ ನಕ್ಷೆ ಬಿಡಿಸಿದೆ. ಮಸಿ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿ, ಕೆರೆಯ ಏರಿಯಿಂದ ಎಳೆದುಕೊಂಡು ಬಂದಳು.

"ಇದು ನಂದು. ಹಸರು."

"ಹೂಂ."

"ಇದು ಸಾಹುಕಾರಂದು. ಮುಳ್ಳಂತ ಹಾಕೀ? ಬರೋಬ್ಬರಿ." ಒಂದು ಕ್ಷಣ ನಕ್ಕಳು. ಆಮೇಲೆ ನಗು ನಿಂತಿತು. "ಅವತ್ತು ನಮ್ಮ ಹೊಲಾ ನೋಡಿದಾಗ ನಿನಗ ಇದು ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು ಅಕ್ಕಾರ. ತೋರಸಾಕ ಆಗಿದ್ದಿಲ್ಲ."

"ಗೊತ್ತಿದ್ದೂ ಬಿಳಿ ಬಿಟ್ಟಿ."

ಮೋಡದ ಬಗ್ಗೆ, ಊಹೆಯ ಬಗ್ಗೆ, ಲೆಕ್ಕಕ್ಕೆ ಸೇರಿಸಬಾರದೆಂದು ನಾನು ಬರೆದು ಕಳುಹಿಸಿದ್ದರ ಬಗ್ಗೆ ಹೇಳಬಹುದಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ.

"ಬ್ಯಾಸಿಗಿ ಬಂತು" ಎಂದಳು ಆಕೆ, ನಕ್ಷೆಯನ್ನು ಮಡಚಿ ತನ್ನ ಪಕ್ಕದಲ್ಲಿಟ್ಟುಕೊಳ್ಳುತ್ತ. ಕೊಡು ಎಂದು ಕೇಳಲಿಲ್ಲ, ಇಟ್ಟುಕೊಂಡಳು. ಮುಂದಿನ ಸಭೆ ಎಂದು, ಎಲ್ಲಿ, ಯಾರು ಬರುತ್ತಾರೆ ಎಂದು ಕೇಳಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ. ಆಮೇಲೆ ಬಡಿದ ಕಾಳನ್ನು ಕೈಯಲ್ಲಿ ಕೇರಿ, ಹೊಟ್ಟು ಊದಿ, ಬಿಸಿಬಿಸಿ ಒಂದು ಹಿಡಿ ನನ್ನ ಬೊಗಸೆಗೆ ಸುರಿದಳು.

"ತಿನ್ನು. ಪಾಳು ಭೂಮಿದು."

ಬಾಯಿ ಸುಟ್ಟಿತು. ಆಕೆ ನೋಡುತ್ತಿದ್ದಳು. ಪೂರ್ತಿ ಅಗಿದು ನುಂಗಿದೆ.